ಶನಿವಾರ ಸಾಯಂಕಾಲದ ಟೈಮು

ಪ್ರತಿ ಮನೆಯಲ್ಲೂ ಒಂದು ಡ್ರಾಯರ್ ಇರುತ್ತೆ ನೋಡಿ. ಬಿಸಾಕೋದಕ್ಕೆ ಮನಸ್ಸು ಬಾರದ, ಇಟ್ಟುಕೊಂಡು ಮಾಡೋದೇನೂ ಇಲ್ಲದ ಸಾಮಾನುಗಳೆಲ್ಲ ಬಂದು ಸೇರಿಕೊಳ್ಳೋ ಡ್ರಾಯರ್. ನಮ್ಮ ಮನೇಲಿ ಅದು ಟೀವಿ ಕೆಳಗಿದೆ. ಯಾವ ಬೀಗದ್ದೋ ಗೊತ್ತಿಲ್ಲದ ಎರಡು ಕೀ, ಇಂಕು ಮುಗಿದ ಪೆನ್ನುಗಳು, ಮದುವೆಯಾಗಿ, ಮಕ್ಕಳಾಗಿ, ಆ ಮಕ್ಕಳೂ ಸ್ಕೂಲಿಗೆ ಹೋಗ್ತಿರೋ ಯಾರದ್ದೋ ಲಗ್ನಪತ್ರಿಕೆ, ಹಳೇ ಕನ್ನಡಕದ ಒಂದೇ ಒಂದು ಕಡ್ಡಿ. ಹೋದ ವಾರ ಅದನ್ನು ಪೂರ್ತಿ ಎಳೆದು ನೆಲಕ್ಕೆ ಸುರಿದೆ. ಕಾರಣ, ಅಪ್ಪನ ಮಂಡಿ.

ಅಪ್ಪನಿಗೆ ಬಲಗಾಲಿನ ಮಂಡಿ ಆಪರೇಷನ್ ಆಗಿ ಒಂದೂವರೆ ತಿಂಗಳಾಯ್ತು. ವಾರಕ್ಕೆರಡು ಸಲ ಬಂದು ವ್ಯಾಯಾಮ ಮಾಡಿಸೋ ಫಿಸಿಯೋಥೆರಪಿ ಹುಡುಗಿ, "ಅಂಕಲ್, ಇನ್ಮೇಲೆ ದಿನಾ ನಿಮ್ಮ ಗೇಟಿಂದ ಆ ಟ್ರಾನ್ಸ್‌ಫಾರ್ಮರ್ ತನಕ ಹೋಗಿ ವಾಪಸ್ ಬನ್ನಿ. ಎಷ್ಟು ಟೈಮ್ ಆಯ್ತು ಅಂತ ಬರೆದಿಡಿ. ಅದನ್ನ ನೋಡ್ಕೊಂಡು ನಿಮ್ಮನ್ನ ಮೇನ್ ರೋಡಿಗೆ ಬಿಡೋದಾ ಬೇಡ್ವಾ ಹೇಳ್ತೀನಿ" ಅಂದಳು. ಮೇನ್ ರೋಡು ಅಂದರೆ ಅಪ್ಪನ ಪಾಲಿಗೆ ಸರ್ಕಲ್ಲಿನ ಟೀ ಅಂಗಡಿ. ರಿಟೈರಾದವರ ಒಂದು ಗುಂಪು ಅಲ್ಲಿ ಬೆಳಿಗ್ಗೆ ಏಳಕ್ಕೆ ಸೇರಿ ಎಂಟೂವರೆವರೆಗೆ ದೇಶ ಆಳುತ್ತೆ. ಒಂದೂವರೆ ತಿಂಗಳಿಂದ ಅಪ್ಪನ ಖಾತೆ ಖಾಲಿ ಬಿದ್ದಿದೆ.

"ಟೈಮ್ ನೋಡೋಕೆ ಮೊಬೈಲ್ ಇದೆಯಲ್ಲೇ, ಡ್ರಾಯರ್ ಯಾಕೆ ಸುರೀತೀಯ?" ಅಂತ ಅಮ್ಮ ಬೈದಳು. ಇದೆ. ಆದರೆ ನನಗೆ ಬೇಕಾಗಿದ್ದು ಇನ್ನೊಂದು. ಕೊನೆಗೆ ಸಿಕ್ಕಿತು: ಹಳದಿ ದಾರ ಕಟ್ಟಿರೋ ಕಪ್ಪು ಸ್ಟಾಪ್‌ವಾಚ್. ಹೊಸ ಸೆಲ್ ಹಾಕಿದ ಕೂಡಲೇ ಪೀಂಯ್ ಅಂತು.

ಮೊದಲೇ ಹೇಳಿಬಿಡ್ತೀನಿ, ಇದು ಕದ್ದ ಮಾಲು. ಎರಡು ವರ್ಷದ ಹಿಂದೆ ಬೇಸಿಗೇಲಿ ನಾನು ಇಂಟರ್ನ್‌ಶಿಪ್ ಮಾಡಿದ ವೈಟ್‌ಫೀಲ್ಡಿನ ಒಂದು ಕನ್ಸಲ್ಟಿಂಗ್ ಕಂಪನಿಯದ್ದು. ಕೊನೆಯ ದಿನ ಲ್ಯಾಪ್‌ಟಾಪು, ಐಡಿ ಕಾರ್ಡು, ಲಾಕರ್ ಕೀ ಎಲ್ಲ ವಾಪಸ್ ಕೊಟ್ಟು ಸಹಿ ಹಾಕಿ ಬಂದವಳು ಇದನ್ನು ಮಾತ್ರ ಕೊಡಲಿಲ್ಲ. ಅವರೂ ಕೇಳಲಿಲ್ಲ ಅನ್ನಿ.

ಎಂಬಿಎ ಮೊದಲ ವರ್ಷ ಮುಗಿದಿತ್ತು. ಎರಡು ತಿಂಗಳ ಇಂಟರ್ನ್‌ಶಿಪ್, ಚೆನ್ನಾಗಿ ಮಾಡಿದರೆ ಓದು ಮುಗಿಯೋಕೆ ಮುಂಚೆಯೇ ಕೆಲಸದ ಆಫರ್ ಕೊಡ್ತಾರೆ ಅಂತ ಸುದ್ದಿ. ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. ಎದುರುಮನೆ ಲಲಿತಮ್ಮ, "ಕನ್ಸಲ್ಟಿಂಗ್ ಅಂದ್ರೆ ಏನ್ರೀ? ಡಾಕ್ಟ್ರು ಇರ್ತಾರಲ್ಲ, ಅದಾ?" ಅಂತ ಕೇಳಿದ್ದಕ್ಕೆ ಅಮ್ಮ ಒಂದು ಕ್ಷಣವೂ ಯೋಚನೆ ಮಾಡದೆ, "ಹೂಂ ಕಣ್ರೀ, ಅದೇ ಥರ. ಇವ್ಳು ಕಂಪನಿಗಳಿಗೆ ಡಾಕ್ಟ್ರು" ಅಂದುಬಿಟ್ಟಳು. ಅವತ್ತು ಸಂಜೆಯೇ ಲಲಿತಮ್ಮ ನನ್ನನ್ನು ತಡೆದು ನಿಲ್ಲಿಸಿ, "ನಮ್ಮೆಜಮಾನ್ರ ಫ್ಯಾನ್ಸಿ ಸ್ಟೋರಿಗೆ ಏನೋ ಆಗಿದೆ ಕಣಮ್ಮ, ವ್ಯಾಪಾರನೇ ಇಲ್ಲ. ಒಂದ್ಸಲ ಬಂದು ನೋಡಮ್ಮ" ಅಂದರು. ನಾನೂ ಗಂಭೀರವಾಗಿ ಹೋದೆ. ಬಳೆ ಸ್ಟ್ಯಾಂಡನ್ನು ಬಾಗಿಲ ಹತ್ತಿರ ತರಬೇಕು ಅಂತ ಹೇಳಿದೆ. ಅಂಕಲ್ ಒಂದು ಬಾದಾಮಿ ಹಾಲು ಕುಡಿಸಿ ಕಳಿಸಿದರು. ಬಳೆ ಸ್ಟ್ಯಾಂಡು ಈಗಲೂ ಇದ್ದಲ್ಲೇ ಇದೆ.

ನಮ್ಮ ಮನೆ ರಾಜಗೋಪಾಲನಗರದಲ್ಲಿ. ಪೀಣ್ಯದ ಶೆಡ್ಡುಗಳ ಸೈರನ್ ಕೇಳಿ ನಿದ್ದೆಯಿಂದ ಏಳೋ ಏರಿಯಾ. ಅಲ್ಲಿಂದ ವೈಟ್‌ಫೀಲ್ಡ್ ಅಂದರೆ ಬೆಂಗಳೂರಿನ ಈ ತುದಿಯಿಂದ ಆ ತುದಿ. ಆಟೋ ಹಿಡಿದು ಮೆಟ್ರೋ ಸ್ಟೇಷನ್, ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಮೆಟ್ರೋ, ಅಲ್ಲಿಂದ ಒಂದು ತಾಸು ಯಾರದ್ದೋ ಬ್ಯಾಗು ನನ್ನ ಬೆನ್ನಿಗೆ, ನನ್ನ ಬ್ಯಾಗು ಇನ್ಯಾರದ್ದೋ ಹೊಟ್ಟೆಗೆ. ಮೇ ತಿಂಗಳ ಬಿಸಿಲಲ್ಲಿ ಫ್ರೆಂಡ್ ಹತ್ತಿರ ಈಸ್ಕೊಂಡ ಕೋಟು ಬೇರೆ. ಮೊದಲ ದಿನ ಹನ್ನೊಂದನೇ ಮಹಡಿಯಲ್ಲಿ ಲಿಫ್ಟ್ ಬಾಗಿಲು ತೆರೆದಾಗ ನೋಡ್ತೀನಿ, ಅಲ್ಲಿ ಎಲ್ಲರೂ ಟೀ ಶರ್ಟಿನಲ್ಲಿದ್ದರು. ಕೋಟು ಹಾಕ್ಕೊಂಡಿದ್ದವರು ಇಬ್ಬರೇ, ನಾನು ಮತ್ತು ಸೆಕ್ಯೂರಿಟಿ ಸೂಪರ್‌ವೈಸರ್.

ನನ್ನ ಮ್ಯಾನೇಜರ್ ಪ್ರಣವ್, ಇಪ್ಪತ್ತೆಂಟು ವರ್ಷದ, ಉತ್ತರ ಭಾರತದ ಕಡೆಯವರು. ಒಳ್ಳೇ ಮನುಷ್ಯ, ಬೈಯೋದು ಗೊತ್ತಿಲ್ಲ, ಊಟಕ್ಕೆ ಹೋಗೋದೂ ಗೊತ್ತಿಲ್ಲ. ಮೂರನೇ ದಿನ ನನ್ನನ್ನು ಕರೆದು, "ಯು ನೋ ಕನ್ನಡ, ರೈಟ್? ಪರ್ಫೆಕ್ಟ್. ಪೀಣ್ಯ ಅಂತ ಒಂದು ಜಾಗ ಇದೆ, ಕೇಳಿದ್ದೀಯಾ? ಅಲ್ಲಿ ಒಂದು ಫ್ಯಾಕ್ಟರಿ ನಮ್ಮ ಕ್ಲೈಂಟು" ಅಂದರು. ಅಡ್ರೆಸ್ ತೋರಿಸಿದರು. ನಮ್ಮ ಮನೆಯಿಂದ ಎರಡು ಬಸ್ ಸ್ಟಾಪು.

"ಕೇಳಿದ್ದೀನಿ" ಅಂದೆ. ಅಷ್ಟೇ ಅಂದೆ. ಯಾಕೆ ಹಾಗಂದೆ ಅಂತ ಇವತ್ತಿಗೂ ಗೊತ್ತಿಲ್ಲ. ಅಲ್ಲಿ ಎಲ್ಲರೂ ಇಂದಿರಾನಗರ, ಕೋರಮಂಗಲ ಅಂತ ಹೇಳಿಕೊಳ್ತಿದ್ದಾಗ ರಾಜಗೋಪಾಲನಗರ ಅನ್ನೋಕೆ ನಾಲಿಗೆ ಹೊರಳಲಿಲ್ಲ. ಅದರ ಫಲ ಏನಾಯ್ತು ಅಂದರೆ, ದಿನಾ ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟು ಎರಡು ಮೆಟ್ರೋ ಹತ್ತಿ ವೈಟ್‌ಫೀಲ್ಡಿಗೆ ಹೋಗೋದು, ಅಲ್ಲಿ ಟೀಮಿನ ಜೊತೆ ಕ್ಯಾಬ್ ಹತ್ತಿ ಎರಡು ತಾಸು ಟ್ರಾಫಿಕ್ಕಿನಲ್ಲಿ ತೂಕಡಿಸಿ ವಾಪಸ್ ನಮ್ಮ ಏರಿಯಾಕ್ಕೇ ಬರೋದು. ಒಂದು ದಿನ ಕ್ಯಾಬು ನಮ್ಮ ರೋಡಿನ ತುದಿಯಲ್ಲೇ ಸಿಗ್ನಲ್‌ಗೆ ನಿಂತಿತು. ತಳ್ಳುಗಾಡಿ ಹತ್ತಿರ ಅಮ್ಮ ದಂಟಿನ ಸೊಪ್ಪಿಗೆ ಚೌಕಾಸಿ ಮಾಡ್ತಾ ಇದ್ದಾಳೆ! ಶೂ ಲೇಸ್ ಕಟ್ಟೋ ನೆಪದಲ್ಲಿ ಸೀಟಿನ ಕೆಳಗೆ ಬಗ್ಗಿ ಕೂತೆ. ಅವತ್ತು ನಾನು ಹಾಕಿದ್ದು ಚಪ್ಪಲಿ.

ಸರಿ, ಕೆಲಸ ಏನು? ಫ್ಯಾಕ್ಟರಿಯಲ್ಲಿ ಆರು ಲೇತ್, ಅಂದರೆ ಲೋಹವನ್ನು ತಿರುಗಿಸಿ ಕೊರೆಯೋ ಮಿಷಿನ್ ಇದ್ದವು, ಅವನ್ನು ನಡೆಸೋಕೆ ಆರು ಜನ ಟರ್ನರ್‌ಗಳು. ಪಂಪಿಗೆ ಹಾಕೋ ಬುಷ್ ಅಂತ ಒಂದು ದಪ್ಪ ಉಂಗುರದಂಥ ಸಾಮಾನು ಕೊರೀತಾರೆ. ಒಂದು ಬುಷ್ಷಿಗೆ ಎಷ್ಟು ಟೈಮ್ ಹಿಡಿಯುತ್ತೆ ಅಂತ ನಾನು ಅಳೀಬೇಕು. ಆ ನಂಬರ್ ಚಿಕ್ಕದಾಗಿ ಬಂದರೆ ಆರು ಜನರ ಕೆಲಸ ನಾಲ್ಕು ಜನ ಮಾಡಬಹುದು, ಇಬ್ಬರನ್ನು ಬಿಡಿಸಬಹುದು. ಮಾಲೀಕರು ಕೇಳಿದ್ದು ಇದನ್ನೇ. ಅಷ್ಟು ಹೇಳಿ ಪ್ರಣವ್ ಹಳದಿ ದಾರದ ಈ ಸ್ಟಾಪ್‌ವಾಚನ್ನು ನನ್ನ ಕೊರಳಿಗೆ ಹಾಕಿದರು. ಕಂಪನಿಗೆ ಮೆಡಲ್ ಗೆದ್ದುಕೊಟ್ಟವಳ ಹಾಗೆ ನಿಂತಿದ್ದೆ.

ಈಗ ನಮ್ಮಪ್ಪನ ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥ ಆಗಲ್ಲ. ನಮ್ಮಪ್ಪ ನಂಜುಂಡಯ್ಯ, ಒಂದು ಸರ್ಕಾರಿ ಫ್ಯಾಕ್ಟರಿಯಲ್ಲಿ ಮೂವತ್ತನಾಲ್ಕು ವರ್ಷ ಟರ್ನರ್ ಆಗಿದ್ದವರು. ನಾನು ಚಿಕ್ಕವಳಿದ್ದಾಗ ಕರೆಂಟ್ ಹೋದ ಸಂಜೆಗಳಲ್ಲಿ ನಮಗೆ ಮನರಂಜನೆ ಅಂದರೆ ಅಪ್ಪನ ಒಂದು ಏಕಪಾತ್ರಾಭಿನಯ. ಹೆಸರು 'ವಾಚ್ ಹಿಡ್ಕೊಂಡೋನು ಬಂದ'.

ಅವರ ಫ್ಯಾಕ್ಟರಿಯಲ್ಲಿ ಆಗಾಗ ಬಿಳಿ ಶರ್ಟಿನವನೊಬ್ಬ ಸ್ಟಾಪ್‌ವಾಚ್ ಹಿಡಿದು ಬಂದು ಯಾರದ್ದೋ ಮಿಷಿನ್ ಪಕ್ಕ ನಿಲ್ಲುತ್ತಿದ್ದನಂತೆ. ಅವನು ಬಾಗಿಲು ದಾಟಿದ ಕೂಡಲೇ ಯಾರೋ ಒಬ್ಬರು ಸ್ಪ್ಯಾನರ್‌ನಿಂದ ಗಾಳಿ ಪೈಪಿಗೆ ಟಣ್ ಟಣ್ ಅಂತ ಎರಡು ಸಲ ಬಡೀತಿದ್ದರಂತೆ. ಅಷ್ಟೇ, ಇಡೀ ಶೆಡ್ಡಿಗೆ ಶೆಡ್ಡೇ ನಿಧಾನ. ಅಪ್ಪ ನಡುಮನೆಯಲ್ಲಿ ಸ್ಟೂಲನ್ನು ಲೇತ್ ಮಾಡಿ, ಲಟ್ಟಣಿಗೆಯನ್ನು ಅದರಲ್ಲಿ ಕೊರೆಯೋ ಜಾಬ್ ಮಾಡಿ ತೋರಿಸೋರು. ಮೊದಲು ಬನಿಯನ್ ವೇಸ್ಟು, ಅಂದರೆ ಫ್ಯಾಕ್ಟರಿಯಲ್ಲಿ ಕೈ ಒರೆಸೋ ಬಟ್ಟೆ ಚೂರು, ಅದನ್ನು ತಗೊಂಡು ಒಂದೊಂದೇ ಬೆರಳು ಒರೆಸಿಕೊಳ್ಳೋದು. ಹತ್ತು ವರ್ಷದಿಂದ ಬಾಯಿಪಾಠ ಆಗಿರೋ ಡ್ರಾಯಿಂಗನ್ನು ಹೊಸದಾಗಿ ನೋಡೋ ಹಾಗೆ ನೋಡೋದು. ಟೂಲಿನ ತುದಿಯನ್ನು ಬೆಳಕಿಗೆ ಹಿಡಿದು ಉಫ್ ಅನ್ನೋದು. ವರ್ನಿಯರ್‌ನಲ್ಲಿ ಅಳೆದು, ಮೇಲೆ ನೋಡಿ, ಮತ್ತೆ ಅಳೆಯೋದು. "ಇಷ್ಟು ಶ್ರದ್ಧೆಯಿಂದ ನಾನು ದೇವರಪೂಜೆನೂ ಮಾಡಿಲ್ಲ ಕಣೆ" ಅನ್ನೋರು. ಅಮ್ಮ ನಕ್ಕೂ ನಕ್ಕೂ ಸೆರಗಲ್ಲಿ ಕಣ್ಣು ಒರೆಸಿಕೊಳ್ಳೋಳು.

ಆ ವಿದ್ಯೆ ನನಗೂ ಬಂತು. ಅವರೆಕಾಯಿ ಕಾಲದಲ್ಲಿ ಅಮ್ಮ ಹಿದುಕೋದಕ್ಕೆ ನೆನೆಸಿದ ಕಾಳಿನ ಬೋಗುಣಿ ಮುಂದಿಟ್ಟರೆ ನಾನು ಪ್ರತಿ ಕಾಳನ್ನೂ ಬೆಳಕಿಗೆ ಹಿಡಿದು ಉಫ್ ಅನ್ನುತ್ತಿದ್ದೆ. "ಏನೇ, ನಿಮ್ಮಪ್ಪನ ಕೆಲಸ ನನ್ನ ಹತ್ರ ತೋರಿಸ್ತೀಯಾ?" ಅಂತ ಅಮ್ಮ ತಲೆ ಮೇಲೆ ಮೊಟಕೋಳು. ಒಂದು ಕೆಜಿ ಕಾಳಿಗೆ ಒಂದಿಡೀ ಭಾನುವಾರ ಎಳೆದ ದಾಖಲೆ ನನ್ನದು.

ಇಂಥವಳು ಹಳದಿ ದಾರ ಕೊರಳಿಗೆ ಹಾಕ್ಕೊಂಡು ಪೀಣ್ಯದ ಆ ಶೆಡ್ಡಿನ ಬಾಗಿಲು ದಾಟಿದೆ. ಟಣ್ ಟಣ್!

ನನಗೆ ನಗು ತಡೆಯೋಕೆ ಆಗಲಿಲ್ಲ, ಕೆಮ್ಮಿದ ಹಾಗೆ ಮಾಡಿದೆ. ಮೊದಲನೇ ಲೇತಿನವರು ಗಂಗಣ್ಣ, ಐವತ್ತು ದಾಟಿದವರು, ಬಿಳೀ ಮೀಸೆ. ನನ್ನನ್ನು ನೋಡಿ ನಮಸ್ಕಾರ ಮಾಡಿ ಬನಿಯನ್ ವೇಸ್ಟ್ ಕೈಗೆ ತಗೊಂಡರು. ಹೆಬ್ಬೆರಳು. ತೋರುಬೆರಳು. ನಡುಬೆರಳು. ಅಯ್ಯೋ ದೇವರೇ, ಅದೇ ನಾಟಕ! ಲಟ್ಟಣಿಗೆ ಬದಲು ಬುಷ್ಷು, ಅಷ್ಟೇ ವ್ಯತ್ಯಾಸ. ಡ್ರಾಯಿಂಗು, ಉಫ್, ವರ್ನಿಯರ್, ಮತ್ತೆ ವರ್ನಿಯರ್. ನಾಲ್ಕು ನಿಮಿಷ ಹತ್ತು ಸೆಕೆಂಡು.

"ಯಾವೂರು ಮೇಡಂ ನಿಮ್ದು?" ಅಂತ ಕೇಳಿದರು.

"ವೈಟ್‌ಫೀಲ್ಡ್" ಅಂದೆ.

"ಅಷ್ಟ್ ದೂರದಿಂದ ಬತ್ತೀರಾ? ಪಾಪ!" ಅಂತ ನನಗೊಂದು ಟೀ ತರಿಸಿಕೊಟ್ಟರು. ಗಂಗಣ್ಣನಿಗೆ ಊರೇ ಇದು, ಪೀಣ್ಯ ಹಳ್ಳಿಯಾಗಿದ್ದ ಕಾಲದವರು. "ಈ ಆಫೀಸ್ ರೂಮದೆಯಲ್ಲ ಮೇಡಂ, ಇದು ನಮ್ ತಾತನ ರಾಗಿ ವಲ. ನಮ್ ವಲದಾಗೆ ನಾನೇ ಎಂಟವರ್ ಡೂಟಿ ಮಾಡ್ತಾವ್ನಿ ನೋಡಿ" ಅಂತ ನಗೋರು. ಆ ನಗುವಿನಲ್ಲಿ ಕಹಿ ಇರಲಿಲ್ಲ. ಇದ್ದರೂ ನನಗೆ ಆಗ ಕಾಣಲಿಲ್ಲ, ನನ್ನ ಕಣ್ಣು ವಾಚಿನ ಮೇಲಿತ್ತು.

ಯಾಕಂದರೆ ನನಗೊಂದು ಐಡಿಯಾ ಬಂದಿತ್ತು. ಮೂರು ವಾರ ಆರೂ ಜನರ ನಾಟಕ ನೋಡಿ, ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ವಾಚನ್ನು ಊಟದ ಡಬ್ಬಿ ಚೀಲದಲ್ಲಿ ಬಚ್ಚಿಟ್ಟುಕೊಂಡು, ಸ್ಟೋರ್ ರೂಮಿಗೆ ಹೋದೆ. ಅದರ ಕಿಟಕಿಯಿಂದ ಗಂಗಣ್ಣನ ಲೇತು ಕಾಣುತ್ತೆ. ಡಬ್ಬಗಳ ಹಿಂದೆ ನಿಂತು, ವಾಚ್ ಹೊರಗೆ ತೆಗೆದು, ಕದ್ದು ನೋಡಿದೆ. ಆಹಾ, ಆ ಕೈಯ ಓಟ! ಬಟ್ಟೆಯೂ ಇಲ್ಲ, ಉಫ್ಫೂ ಇಲ್ಲ. ಎರಡು ನಿಮಿಷ ಮೂವತ್ತೈದು ಸೆಕೆಂಡು. ಇಪ್ಪತ್ತು ಬುಷ್ಷು ಅಳೆದೆ, ಇಪ್ಪತ್ತೂ ಹೆಚ್ಚುಕಡಿಮೆ ಅಷ್ಟೇ. ಕೆಲಸಗಾರ ದಣೀತಾನೆ, ಅದಕ್ಕೆ ಒಂದಿಷ್ಟು ಟೈಮ್ ಸೇರಿಸಬೇಕು ಅಂತ ನಮ್ಮ ಪಠ್ಯದಲ್ಲೇ ಒಂದು ಪಾಠ ಇತ್ತು. ಸಾರಿಗೆ ಉಪ್ಪು ಉದುರಿಸಿದ ಹಾಗೆ ಹತ್ತು ಪರ್ಸೆಂಟ್ ಉದುರಿಸಿದೆ. ಆಗಲೂ ಲೆಕ್ಕ ಸರಿಹೋಯ್ತು. ಆರು ಜನರ ಕೆಲಸ ನಾಲ್ಕು ಜನಕ್ಕೆ ಸಾಕು.

ಮಾರನೇ ದಿನ ಲೆಕ್ಕ ತೋರಿಸಿದಾಗ ಪ್ರಣವ್ ಕುಣಿದಾಡಿಬಿಟ್ಟರು. ಹಿಂದೆ ಬಂದಿದ್ದ ಇಂಟರ್ನ್‌ಗಳೆಲ್ಲ ನಾಲ್ಕು ನಿಮಿಷ ಅಂತಲೇ ಬರೆದುಕೊಂಡು ಬರ್ತಿದ್ದರಂತೆ. "ಹೌ ಡಿಡ್ ಯು ನೋ?" ಅಂದರು. ನಾನು ಭುಜ ಕುಣಿಸಿದೆ. ಅವತ್ತು ಮೆಟ್ರೋದಲ್ಲಿ ಯಾರ ಬ್ಯಾಗೂ ನನಗೆ ಚುಚ್ಚಲಿಲ್ಲ. ಆಫರ್ ಲೆಟರ್ ಕೈಗೆ ಬಂದ ಹಾಗೇ ಇತ್ತು.

ನನ್ನ ಊಟದ ಡಬ್ಬಿ ತೊಳೆಯೋದು ಅಪ್ಪನ ಡ್ಯೂಟಿ. "ಮೂವತ್ತನಾಲ್ಕು ವರ್ಷ ನಿಮ್ಮಮ್ಮ ನಂದು ತೊಳೆದಿದ್ದಾಳೆ, ಇನ್ನು ನಂದು" ಅಂತ ರಿಟೈರಾದ ಮೇಲೆ ವಹಿಸಿಕೊಂಡಿದ್ದರು. ಅದುವರೆಗೂ ನಾನು ವಾಚನ್ನು ಮನೇಲಿ ಯಾರಿಗೂ ತೋರಿಸಿರಲಿಲ್ಲ. ನಮ್ಮ ಮನೆಯ ಕಥೆಯಲ್ಲಿ ವಾಚ್ ಹಿಡಿದವನು ಖಳನಾಯಕ ತಾನೇ. ಏನು ಕೆಲಸ ಅಂದರೆ 'ಪ್ರೋಸೆಸ್ ಇಂಪ್ರೂವ್‌ಮೆಂಟು' ಅಂತ ತೇಲಿಸಿಬಿಡ್ತಿದ್ದೆ. ಅವತ್ತು ಸಂಭ್ರಮದಲ್ಲಿ ಮರೆತು ವಾಚನ್ನು ಡಬ್ಬಿ ಚೀಲದಲ್ಲೇ ಬಿಟ್ಟಿದ್ದೆ. ಕೈಕಾಲು ತೊಳೆದು ಬರೋ ಹೊತ್ತಿಗೆ ಅಪ್ಪ ಅಡಿಗೆಮನೆ ಬಾಗಿಲಲ್ಲಿ ಹಳದಿ ದಾರ ಹಿಡಿದು ನಿಂತಿದ್ದರು.

"ಯಾರ ಮಿಷಿನ್ ಮುಂದೆ ನಿಂತಿದ್ದೆ?"

ಸಿಕ್ಕಿಬಿದ್ದಾಯ್ತಲ್ಲ, ಇನ್ನು ಖುಷಿಯಿಂದಲೇ ಹೇಳೋಣ ಅಂತ ಎಲ್ಲ ಹೇಳಿದೆ. ಅಭಿನಯಿಸಿಯೂ ತೋರಿಸಿದೆ. ಟಣ್ ಟಣ್ಣಿಗೆ ಅಪ್ಪ ಜೋರಾಗಿ ನಕ್ಕರು. ಬೆರಳು ಒರೆಸಿಕೊಳ್ಳೋದಕ್ಕೆ, "ಇನ್ನೂ ಅದೇ ನಡೀತಿದೆಯಾ!" ಅಂತ ತೊಡೆ ತಟ್ಟಿದರು. ನಾನು ಸ್ಟೋರ್ ರೂಮಿನ ಕಿಟಕಿಗೆ ಬಂದೆ. ನಗು ನಿಂತಿತು.

"ಯಾವತ್ತು ನೋಡಿದ್ದು?"

"ಮಂಗಳವಾರ."

"ಎಷ್ಟೊತ್ತಲ್ಲಿ?"

"ಬೆಳಿಗ್ಗೆ ಹತ್ತೂವರೆ."

"ಶನಿವಾರ ಸಾಯಂಕಾಲ ನಾಲ್ಕಕ್ಕೆ ಆ ಮನುಷ್ಯನಿಗೆ ಎಷ್ಟಾಗುತ್ತೆ, ನೋಡಿದ್ಯಾ?"

ಇಲ್ಲ ಅಂತ ತಲೆಯಾಡಿಸಿದೆ.

"ನೀನು ಬರ್ಕೊಂಡಿರೋದು ಮಂಗಳವಾರದ ಟೈಮು ಕಣಮ್ಮ. ಅವರು ವರ್ಷವಿಡೀ ಅದನ್ನೇ ಕೇಳ್ತಾರೆ. ಮೆಟೀರಿಯಲ್ ಗಟ್ಟಿ ಬಂದ ದಿನವೂ ಕೇಳ್ತಾರೆ, ಕಾಲು ಊದಿಕೊಂಡ ದಿನವೂ ಕೇಳ್ತಾರೆ." ಅಪ್ಪ ಕುರ್ಚಿ ಎಳೆದು ಕೂತರು. "ನಾವು ಆ ಒಂದೂವರೆ ನಿಮಿಷ ಕದೀತಿದ್ವಿ ಅಂದ್ಕೊಂಡ್ಯಾ? ಎತ್ತಿಡ್ತಿದ್ವಿ. ನೀನು ಎರಡನೇ ಕ್ಲಾಸಲ್ಲಿ ಟೈಫಾಯ್ಡ್ ಬಂದು ಮಲಗಿದ್ದೆಯಲ್ಲ, ವಾರ ಪೂರ್ತಿ ನಾನು ನಿದ್ದೆ ಇಲ್ಲದೆ ಹೋಗಿ ಮಿಷಿನ್ ಮುಂದೆ ನಿಂತಿದ್ದೆ. ಎತ್ತಿಟ್ಟಿದ್ದು ಆವಾಗ ಖರ್ಚಾಯ್ತು."

ನನಗೆ ನಾಚಿಕೆಯಾಯ್ತು. ಹದಿನೈದು ವರ್ಷ ಆ ನಾಟಕ ನೋಡಿ ಚಪ್ಪಾಳೆ ತಟ್ಟಿದ್ದೆ, ಆ ಸೆಕೆಂಡುಗಳು ಯಾಕೆ ಅಂತ ಒಂದು ಸಲವೂ ಕೇಳಿರಲಿಲ್ಲ. ಬೇರೆ ಯಾವ ಇಂಟರ್ನಿಗೂ ಈ ತಪ್ಪು ಮಾಡೋಕೆ ಸಾಧ್ಯವೇ ಇರಲಿಲ್ಲ. ಅವರಿಗೆ ಗುಟ್ಟೇ ಗೊತ್ತಿರಲಿಲ್ಲ. ಟರ್ನರ್ ಮಗಳಿಗೆ ಗೊತ್ತಿತ್ತು, ಅದನ್ನು ತಗೊಂಡು ಹೋಗಿ ಇನ್ನೊಬ್ಬ ಟರ್ನರ್ ಮೇಲೇ ಪ್ರಯೋಗ ಮಾಡಿದ್ದಳು.

ಅಪ್ಪ ಬೈಯಲಿಲ್ಲ. "ಊಟ ಹಾಕೇ" ಅಂತ ಅಮ್ಮನಿಗೆ ಹೇಳಿ ಮುದ್ದೆ ಮುರಿದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಬೆಳಿಗ್ಗೆ ಪ್ರಣವ್‌ಗೆ ಫೋನ್ ಮಾಡಿ, ಇವತ್ತು ವೈಟ್‌ಫೀಲ್ಡಿಗೆ ಬರಲ್ಲ, ಸೀದಾ ಫ್ಯಾಕ್ಟರಿಗೆ ಹೋಗ್ತೀನಿ, ನಮ್ಮ ಮನೆ ಅಲ್ಲಿಂದ ಎರಡು ಸ್ಟಾಪು ಅಂತ ಹೇಳಿದೆ. ಪ್ರಣವ್ ಇಂಗ್ಲಿಷಿನಲ್ಲಿ ಕೇಳಿದರು, ಕನ್ನಡದಲ್ಲಿ ಹೇಳೋದಾದರೆ ಹೀಗೆ: "ಶುಭಾ, ಮೂರು ವಾರದಿಂದ ನೀನು ಊರು ಸುತ್ತಿ ನಿಮ್ಮ ಮನೆ ಹತ್ತಿರಕ್ಕೇ ಬರ್ತಾ ಇದ್ದೆಯಾ? ಮತ್ತೆ ನಾವು ನಿನ್ನನ್ನ ಅಲ್ಲಿಗೆ ಕಳಿಸಿದ್ದು ವೇಸ್ಟ್ ಟೈಮ್ ಹುಡುಕೋಕಾ?"

ನಡೆದುಕೊಂಡೇ ಹೋದೆ. ಹದಿನಾರು ನಿಮಿಷ. ಟಣ್ ಟಣ್ ಆಯ್ತು, ಗಂಗಣ್ಣ ಬಟ್ಟೆಗೆ ಕೈ ಹಾಕಿದರು. "ಗಂಗಣ್ಣ, ನಾನು ವೈಟ್‌ಫೀಲ್ಡ್ ಅಲ್ಲ. ರಾಜಗೋಪಾಲನಗರದ ಟರ್ನರ್ ನಂಜುಂಡಯ್ಯನ ಮಗಳು. ಮಂಗಳವಾರ ಆ ಕಿಟಕಿಯಿಂದ ಕದ್ದು ನೋಡಿದೆ, ತಪ್ಪಾಯ್ತು" ಅಂದೆ.

ಗಂಗಣ್ಣ ಕಿಟಕಿ ಕಡೆ ನೋಡಿದರು. ನನ್ನನ್ನು ನೋಡಿದರು. ಮುಖ ಸ್ವಲ್ಪ ಗಟ್ಟಿಯಾಯ್ತು.

"ಎಷ್ಟ್ ಬಂತು?"

"ಎರಡು ಮೂವತ್ತೈದು."

"ಬರ್ದ್‌ಬುಟ್ರಾ?"

"ಬರೆದಿದ್ದೀನಿ. ಅಳಿಸ್ತೀನಿ. ಆದರೆ ನಾಲ್ಕು ಹತ್ತು ಅಂತಲೂ ಬರೆಯಲ್ಲ." ಹಳದಿ ದಾರ ತೆಗೆದು ವಾಚನ್ನು ಅವರ ಕೈಗೆ ಕೊಟ್ಟೆ. "ನೀವೇ ಇಟ್ಕೊಳ್ಳಿ. ಶನಿವಾರ ಸಾಯಂಕಾಲದವರೆಗೂ ನೀವೇ ನೋಡ್ಕೊಂಡು ಬರೀರಿ. ಎಲ್ಲಾ ದಿನಕ್ಕೂ ನಿಲ್ಲೋ ನಂಬರ್ ಹೇಳಿ."

ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಇಷ್ಟು ವರ್ಷದಲ್ಲಿ ಅದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲಂತೆ. "ನಂಜುಂಡಣ್ಣನ ಮಗಳಾ? ಆ ಸರ್ಕಲ್ ಟೀ ಅಂಗ್ಡೀಲಿ ಕೂತ್ಕತಾರಲ್ಲ? ಅಯ್ಯೋ ನಮ್ ಮನೆ ಮಗ್ಳು ಕಣವ್ವ ನೀನು, ಮೊದ್ಲೇ ಯೋಳ್ಬಾರ್ದಾ! ಮೂರು ವಾರದಿಂದ ನಿದಾನ ಮಾಡೀ ಮಾಡೀ ಸೊಂಟ ಬಿದ್ದೋಯ್ತು. ಕೆಲ್ಸಕ್ಕಿಂತ ನಾಟ್ಕನೇ ಕಷ್ಟ" ಅಂದರು. ಮೇಡಂ ಹೋಗಿ ಕಣವ್ವ ಆಗಿದ್ದೆ. ಅದೇ ನನಗೆ ಆ ಬೇಸಿಗೆಯ ಪ್ರಮೋಷನ್.

ಶನಿವಾರ ಸಾಯಂಕಾಲ ಗಂಗಣ್ಣ ವಾಚ್ ವಾಪಸ್ ಕೊಟ್ಟು, ಜೊತೆಗೆ ಒಂದು ಹಾಳೆ ಕೊಟ್ಟರು. ಮೂರು ನಿಮಿಷ ಹತ್ತು ಸೆಕೆಂಡು. ಹಾಳೆಯಲ್ಲಿ ಇನ್ನೊಂದು ವಿಷಯವೂ ಇತ್ತು. ಬುಷ್ಷಿನ ಅಳತೆ ಸರಿಯಿದೆಯಾ ಅಂತ ನೋಡೋ ಗೇಜು ಆರು ಜನಕ್ಕೂ ಸೇರಿ ಒಂದೇ ಇತ್ತು. ಅದಕ್ಕಾಗಿ ತಾಸಿಗೊಂದು ಸಲ ಎಲ್ಲರೂ ಶೆಡ್ಡಿನ ಆ ತುದಿಗೆ ಹೋಗಿ ರೇಷನ್ ಅಂಗಡಿ ಥರ ಕ್ಯೂ ನಿಲ್ಲುತ್ತಿದ್ದರು. ಮೂರು ವಾರ ನನ್ನ ಕಣ್ಣೆದುರೇ ನಿಂತಿದ್ದರು. ವಾಚು ಲೇತ್ ಮುಂದೆ ಮಾತ್ರ ಓಡ್ತಿತ್ತು, ಹಾಗಾಗಿ ನನಗೆ ಕಂಡಿರಲಿಲ್ಲ.

ಪ್ರೆಸೆಂಟೇಷನ್ ದಿನ ಮಾಲೀಕರು ಬಂದು ಕೂತರು. ಒಂದು ಕಾಲದಲ್ಲಿ ತಾವೇ ಒಂದು ಲೇತ್ ಹಾಕಿಕೊಂಡು ಶುರುಮಾಡಿದವರು. ಇನ್ನೂ ಐದು ಗೇಜ್ ಕೊಂಡರೆ ಆರೂ ಜನರನ್ನು ಇಟ್ಟುಕೊಂಡೇ ಹೆಚ್ಚು ಮಾಲು ತೆಗೀಬಹುದು ಅಂತ ತೋರಿಸಿದೆ. ಅವರು ಕನ್ನಡಕ ಏರಿಸಿ, "ಈ ಮೂರು ಹತ್ತು ಅನ್ನೋದು ಯಾರು ಕೊಟ್ಟ ನಂಬರಮ್ಮ?" ಅಂದರು.

"ಗಂಗಣ್ಣ, ಸಾರ್. ವಾಚ್ ಅವರ ಕೈಲೇ ಇತ್ತು."

ಪ್ರಣವ್ ಸೀಲಿಂಗ್ ನೋಡಿದರು. ಮಾಲೀಕರು, "ಗಂಗಣ್ಣನೇ ಮೂರು ಹತ್ತು ಅಂದ್ನಾ? ನನ್ ಹತ್ರ ಹನ್ನೆರಡು ವರ್ಷದಿಂದ ನಾಲ್ಕು ಅಂತಲೇ ಹೇಳ್ಕೊಂಡ್ ಬಂದಿದ್ದಾನಲ್ಲ ಆ ಆಸಾಮಿ!" ಅಂತ ಟೇಬಲ್ ಬಡಿದು ನಕ್ಕರು. ಗೇಜುಗಳು ಬಂದವು. ಆರೂ ಜನ ಉಳಿದರು. ಗಂಗಣ್ಣ ಈಗಲೂ ತಮ್ಮ ತಾತನ ಹೊಲದಲ್ಲಿ ಡ್ಯೂಟಿ ಮಾಡ್ತಿದ್ದಾರೆ.

ನನಗೆ ಆಫರ್ ಬರಲಿಲ್ಲ. ಕೊಟ್ಟ ನಂಬರನ್ನು ತಾನೇ ಬದಲಾಯಿಸಿದ್ದು, ಕೆಲಸಗಾರರ ಜೊತೆ ಬೇಕಾದ್ದಕ್ಕಿಂತ ಹೆಚ್ಚು ಸಲಿಗೆ, ಅಂತ ನನ್ನ ಮೌಲ್ಯಮಾಪನದ ಫಾರ್ಮಿನಲ್ಲಿ ಬರೆದಿದ್ದರು. ಎರಡೂ ನಿಜವೇ. ಮೆಟ್ರೋದಲ್ಲಿ ಬಾಗಿಲ ಪಕ್ಕ ನಿಂತು ಅತ್ತೆ, ಮೆಜೆಸ್ಟಿಕ್ಕಿನ ಹತ್ತಿರ ಸೀಟು ಸಿಕ್ಕಿತು, ನಿಲ್ಲಿಸಿದೆ. ಈಗ ದಾಸರಹಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸದಲ್ಲಿದ್ದೀನಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಬರ್ತೀನಿ. ಕೋಟು ವಾಪಸ್ ಕೊಟ್ಟಾಯ್ತು.

ಎಲ್ಲಿದ್ದೆ? ಹಾಂ, ಅಪ್ಪನ ಮಂಡಿ.

ಡ್ರಾಯರ್ ಸುರಿದ ಮಾರನೇ ಬೆಳಿಗ್ಗೆ ಗೇಟಿನ ಹತ್ತಿರ ವಾಚ್ ಹಿಡಿದು ನಿಂತೆ. ಅಪ್ಪ ಹಳದಿ ದಾರ ನೋಡಿ ಹುಬ್ಬು ಹಾರಿಸಿದರು. ಹಳೇ ಕಲಾವಿದರಲ್ಲವಾ, ಈಗ ಬೆರಳು ಒರೆಸಿಕೊಳ್ತಾರೆ, ಟ್ರಾನ್ಸ್‌ಫಾರ್ಮರನ್ನು ಬೆಳಕಿಗೆ ಹಿಡಿದು ಉಫ್ ಅಂತಾರೆ ಅಂತ ನಾನು ಕಾದಿದ್ದೆ. "ಅಪ್ಪಾ, ನಾಟಕ ಬೇಡ" ಅಂತ ಮೊದಲೇ ಎಚ್ಚರಿಕೆ ಕೊಟ್ಟೆ. "ಇಲ್ಲ ಕಣೆ, ಒತ್ತು" ಅಂದರು.

ಒತ್ತಿದೆ. ಅಪ್ಪ ಹೊರಟರು. ಕೈಲಿ ಕೋಲಿದೆ, ಆದರೆ ಊರುತ್ತಿಲ್ಲ. ಆಪರೇಷನ್ ಆದ ಕಾಲನ್ನು ಎಳೆದೆಳೆದು ಹಾಕ್ತಾ ಬಿರಬಿರನೆ ಹೋದರು, ಕಂಬ ಮುಟ್ಟಿದರು, ತಿರುಗಿದರು. ಬರೋವಾಗ ತುಟಿ ಕಚ್ಚಿಕೊಂಡಿದ್ದರು. ಗೇಟು ಹಿಡಿದು ನಿಂತು, ಏದುಸಿರು ನನಗೆ ಕೇಳಬಾರದು ಅಂತ ಉಸಿರು ಬಿಗಿಹಿಡಿದು, "ಎಷ್ಟು?" ಅಂದರು.

"ಎರಡು ನಿಮಿಷ ಹತ್ತು."

"ನೋಡಿದ್ಯಾ? ನಾಳೆಯಿಂದ ಸರ್ಕಲ್ಲಿಗೆ ಹೋಗಬಹುದು ಅಂತ ಹೇಳು ಆ ಹುಡುಗಿಗೆ. ನೀನೂ ಸುಮ್ಮನೆ ದಿನಾ ತಲೆ ಕೆಡಿಸ್ಕೋಬೇಡ" ಅಂದರು. ಹಣೆಯಿಂದ ಬೆವರು ಇಳಿದು ಮೂಗಿನ ತುದೀಲಿ ನಿಂತಿತ್ತು.

ಮೂವತ್ತನಾಲ್ಕು ವರ್ಷ ವಾಚ್ ಕಂಡರೆ ನಿಧಾನ ಮಾಡಿದ ಮನುಷ್ಯ, ಜೀವನದಲ್ಲಿ ಮೊದಲನೇ ಸಲ ವಾಚಿನ ಮುಂದೆ ಓಡಿದ್ದರು. ಮಗಳಿಗೆ ಚಿಂತೆ ಆಗಬಾರದು ಅಂತ. ಪುಸ್ತಕ ತೆಗೆದು ಬರೆದೆ.

ಅಪ್ಪ ಬಗ್ಗಿ ನೋಡಿದರು. "ಮೂರು ನಿಮಿಷ ಅಂತ ಬರೆದಿದ್ದೀಯಲ್ಲೇ?"

"ಶನಿವಾರ ಸಾಯಂಕಾಲದ ಟೈಮು ಅಪ್ಪಾ."

ಅವರು ನನ್ನ ಮುಖ ನೋಡಿದರು. ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟು ಗೇಟಿಗೆ ಒರಗಿ, ಹೆಗಲ ಮೇಲಿದ್ದ ಟವೆಲ್ ತೆಗೆದುಕೊಂಡರು. ಹೆಬ್ಬೆರಳು ಒರೆಸಿಕೊಂಡರು. ಆಮೇಲೆ ತೋರುಬೆರಳು. ಆಮೇಲೆ ನಡುಬೆರಳು.

ನಾನು ವಾಚ್ ಆಫ್ ಮಾಡಿ, ಅವರ ಹತ್ತೂ ಬೆರಳು ಮುಗಿಯೋವರೆಗೂ ಪಕ್ಕದಲ್ಲೇ ನಿಂತಿದ್ದೆ.